ಯಾಣದ ಬಂಡೆಯ ಕೆಳಗೆ ಆಯಿ ಹೇಳಿದ್ದು

ಅಪ್ಪಾ,

ಬೆಳಗಾವಿಯ ಶಾಲೆಯ ಹಾಸ್ಟೆಲಿನಿಂದ ನಿನಗೆ ಬರೆದ ಪತ್ರಗಳೆಲ್ಲ ಇಂಗ್ಲಿಷಿನಲ್ಲಿದ್ದವು, ನೆನಪಿದೆಯಾ? ವಾರ್ಡನ್ ಓದಿದ ಮೇಲೇ ಅವು ಪೋಸ್ಟಿಗೆ ಹೋಗುತ್ತಿದ್ದವು, ಅವರಿಗೆ ಕನ್ನಡ ಬರುತ್ತಿರಲಿಲ್ಲ. ನೀನು ಮಾತ್ರ ಕನ್ನಡದಲ್ಲೇ ಉತ್ತರ ಬರೆಯುತ್ತಿದ್ದೆ. ಈಗ ನಡುವೆ ನಿಂತು ಓದುವವರು ಯಾರೂ ಇಲ್ಲ, ಹಾಗಾಗಿ ಇದು ಕನ್ನಡದಲ್ಲಿ. ಒತ್ತಕ್ಷರ ತಪ್ಪಿದರೆ ನೀನು ತಿದ್ದುವುದಿಲ್ಲ ಎನ್ನುವುದೊಂದು ಧೈರ್ಯ. ತಿದ್ದುವುದಿಲ್ಲವಲ್ಲ ಎನ್ನುವುದು... ಇರಲಿ. ನಾವು ಯಾಣಕ್ಕೆ ಹೋಗಿದ್ದೆವು, ಅಪ್ಪ. ನಿನ್ನ ಆಫೀಸಿನ ಟೂರಿನಲ್ಲಿ. ಅದನ್ನು ಹೇಳಬೇಕು.

ದೀಪಾವಳಿ ರಜೆಗೆ ಧಾರವಾಡದ ಕಾಲೇಜಿನಿಂದ ನಾನು ಕಾರವಾರಕ್ಕೆ ಬಂದ ಮರುದಿನವೇ ನಿನ್ನ ಹೆಡ್ ಕ್ಲರ್ಕ್ ಗಾಂವಕರ ಮಾಮ ಮನೆಗೆ ಬಂದರು. ಚಾ ಕುಡಿದರು, ಗೋಡೆಯ ಮೇಲಿನ ನಿನ್ನ ಫೋಟೋ ನೋಡದಿರಲು ಕ್ಯಾಲೆಂಡರ್ ನೋಡಿದರು. "ವೈನಿ, ಈ ಸಲ ಯಾಣ. ವರ್ಷಾ ವರ್ಷಾ ಬಸ್ಸು, ಊಟ ಎಲ್ಲ ಅವ್ನೇ ನೋಡ್ತಿದ್ದ. ನಮ್ಗೆ ಯಾರ್ಗೂ ಬರುದಿಲ್ಲ ಅಂತ ಈಗ ಟ್ರಾವೆಲ್ಸ್‌ನವ್ರಿಗೆ ಕೊಟ್ಟಿದೆ, ಗೈಡ್ ಸಮೇತ. ನೀವಿಬ್ರೂ ಬರ್ಬೇಕು," ಎಂದರು. ಆಯಿ ನೆಪ ಹೇಳುತ್ತಾಳೆ ಎಂದುಕೊಂಡೆ. ನೀನು ಹೋಗಿ ಇನ್ನೂ ವರ್ಷವಾಗಿಲ್ಲ. ಈ ಸಲ ಮನೆಯಲ್ಲಿ ದೀಪಾವಳಿಯನ್ನೇ ಮಾಡಿರಲಿಲ್ಲ. ಆದರೆ ಅವಳು, "ಬರ್ತೇವೆ," ಎಂದಳು. ಅಷ್ಟೇ. ನನಗೆ ಆ ಒಪ್ಪಿಗೆಯೇ ಹೆದರಿಕೆ ಹುಟ್ಟಿಸಿತು.

ಯಾಕೆ ಗೊತ್ತಾ? ನಿನ್ನ ಹದಿಮೂರನೇ ದಿನದ ಊಟ ಮುಗಿದು, ಎಲೆ ಎತ್ತುವ ಮೊದಲೇ ದೊಡ್ಡಪ್ಪ ಮಾತು ತೆಗೆದಿದ್ದ. ಸರ್ಕಾರಿ ಸರ್ವಿಸಿನಲ್ಲಿ ಇರುವಾಗಲೇ ಹೋದವರ ಮನೆಯಲ್ಲಿ ಒಬ್ಬರಿಗೆ ಅನುಕಂಪದ ನೌಕರಿ ಸಿಗುತ್ತದೆ. ಹೆಂಡತಿಗೆ, ಇಲ್ಲ ಮಗಳಿಗೆ. ವರ್ಷದ ಒಳಗೆ ಅರ್ಜಿ ಕೊಡಬೇಕು. ನನ್ನ ಕಡೆ ಕೈ ತೋರಿಸಿ, "ತಂಗಿ ಹೆಸ್ರು ಹಾಕುದೇ ಚಲೋ. ಇವ್ಳು ಈ ವಯಸ್ಸಲ್ಲಿ ಆಫೀಸಿಗೆ ಹೋಗಿ ಎಂತ ಮಾಡ್ತಾಳೆ? ನೌಕರಿ ಅದೆ ಅಂದ್ರೆ ಹುಡ್ಗಿ ಮದುವೆಗೂ ಸಸಾರ," ಎಂದ. ಆಯಿ ಪಿಯುಸಿ ಪಾಸಾದವಳು ಎನ್ನುವುದು ಅಲ್ಲಿ ಯಾರಿಗೂ ನೆನಪಾಗಲಿಲ್ಲ. ಅವಳು ಬಗ್ಗಿ ಎಲೆ ಎತ್ತತೊಡಗಿದಳು. ನಾನು ಬಿಎಸ್ಸಿ ಜಿಯಾಲಜಿಗೆ ಸೇರಿ ಆಗಿನ್ನೂ ಪುಸ್ತಕಕ್ಕೆ ರಟ್ಟು ಸಹ ಹಾಕಿರಲಿಲ್ಲ. ಅಂದಿನಿಂದ ಕ್ಲಾಸಿನಲ್ಲಿ ಕೂತರೂ ಇದೇ ಕೊನೆಯ ಕ್ಲಾಸೇನೋ ಎಂದೇ... ಕೇಳಲು ಧೈರ್ಯವಿರಲಿಲ್ಲ ಅಪ್ಪ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ.

ಟೂರಿನ ದಿನ ಬೆಳಿಗ್ಗೆ ಮಿನಿ ಬಸ್ಸಿನಲ್ಲಿ ಬಿಸಿ ಬನ್ಸಿನ ಪೊಟ್ಟಣ ಹಂಚುತ್ತಿದ್ದಾಗ ಯಾರೋ ನಿನ್ನ ಸುದ್ದಿ ಎತ್ತಿದರು. ಹೋದ ಸಲದ ಟೂರಿನಲ್ಲಿ ನೀನು ಅಂತ್ಯಾಕ್ಷರಿ ಆಡುವಾಗ ಹಾಡಿನ ಸಾಲು ಮರೆತು, ಹೊಸ ಸಾಲು ಕಟ್ಟಿ, ಗೆದ್ದೆ ಎಂದು ವಾದಿಸಿದ್ದು. ಎಲ್ಲರೂ ನಕ್ಕರು, ಆಮೇಲೆ ನಕ್ಕದ್ದಕ್ಕೆ ನಾಚಿ ಕಿಟಕಿಯ ಕಡೆ ತಿರುಗಿದರು. ಅಷ್ಟರಲ್ಲಿ ಅವರ್ಸಾ ಬಂತು. ಆಯಿ ತಟ್ಟನೆ ಬಗ್ಗಿ ಸೀಟಿನ ಅಡಿ ಚಪ್ಪಲಿ ಹುಡುಕತೊಡಗಿದಳು. ದೊಡ್ಡಪ್ಪನ ಮನೆ ಇರುವುದು ಹೈವೇ ಪಕ್ಕದಲ್ಲೇ ತಾನೇ, ಕಣ್ಣಿಗೆ ಬೀಳಬಾರದು ಎಂದಿರಬೇಕು ಅಂದುಕೊಂಡೆ. ನಮ್ಮ ನಸೀಬು ನೋಡು, ಬಸ್ಸು ಅಲ್ಲೇ ನಿಂತಿತು. ಗೈಡಿಗೆ ಎಳನೀರು ಬೇಕಿತ್ತಂತೆ. ಚಾ ಅಂಗಡಿಯ ಬೆಂಚಿನಿಂದ ಎದ್ದು ಬಂದದ್ದು ದೊಡ್ಡಪ್ಪನೇ.

"ಎಲ್ಲಿಗೆ ಹೊರಟದ್ದು?" ಎಂದ. ಆಯಿ ಎದ್ದು ಕೂತಳು. "ಟೂರಿಗೆ, ಭಾವಾ."

"ವರ್ಷ ಆಗ್ಲಿಲ್ಲ ಇನ್ನೂ."

"ದೇವ್ರ ಹತ್ರ ಹೋಗುದಿಲ್ಲ. ಕಾಡು ನೋಡುಕೆ."

ದೊಡ್ಡಪ್ಪ ಒಳಗೆಲ್ಲ ಕಣ್ಣಾಡಿಸಿದ. ನಿನ್ನ ಆಫೀಸಿನವರು ಎಂದು ಗುರುತು ಸಿಕ್ಕ ಮೇಲೆ ಮುಖ ಸಡಿಲವಾಯಿತು. "ಹಾಂಗಾರೆ ಅಡ್ಡಿಲ್ಲ. ಹ್ಯಾಂಗೂ ಎಲ್ಲ ಇದ್ದಾರೆ, ತಂಗಿ ನೌಕರಿ ವಿಷ್ಯ ಒಂದು ಮಾತಾಡ್ಕಂಡೇ ಬಾ." ಆಯಿ ತಲೆ ಆಡಿಸಿದಳು. ಹೌದು ಎಂದೋ, ಆಯಿತು ಹೋಗು ಎಂದೋ? ಬಸ್ಸು ಹೊರಟಿತು. ನಾನು ಬ್ಯಾಗಿನಿಂದ ಲಿಂಬೆಹಣ್ಣು ತೆಗೆದು ಮೂಸಿದೆ. ವಾಂತಿಯ ಹೆದರಿಕೆಗೆ ತಂದದ್ದು, ಈ ಹೆದರಿಕೆಗೆ ಅದು ಏನೂ ಮಾಡಲಿಲ್ಲ.

ಅಂಕೋಲೆ ದಾಟಿ ಅಚವೆಯ ಕಡೆ ಹೊರಳಿದ ಮೇಲೆ ಗೈಡ್ ಎದ್ದು ನಿಂತ. ಹಸಿರು ಟೋಪಿ, ಕೊರಳಲ್ಲಿ ಸೀಟಿ. "ರೇನ್ ಫಾರೆಸ್ಟ್ ಅಂದ್ರೆ ಎಂತ ಅಂತ ಇವತ್ತು ನಿಮ್ಗೆ ತೋರಿಸ್ತೆ. ನಂತ್ರ ಜ್ವಾಲಾಮುಖಿ," ಎಂದ. ಬಸ್ಸು ಇಳಿದ ಮೇಲೆ ಹೆಂಗಸರೆಲ್ಲ ರಕ್ತ ಹೀರುವ ಉಂಬಳ ಹತ್ತಬಾರದೆಂದು ಕಾಲಿಗೆ ಸುಣ್ಣ, ತಂಬಾಕು ತಿಕ್ಕಿಕೊಂಡರು. ಕಾಡಿನ ಒಳಗೆ ಹೋದ ಹಾಗೆ ಬೆಳಕು ಹಸಿರಾಯಿತು, ಆಮೇಲೆ ಕಡಿಮೆಯಾಯಿತು. ಜೀರುಂಡೆಗಳು ಒಟ್ಟಿಗೆ ಕೂಗಿ ಒಟ್ಟಿಗೆ ನಿಲ್ಲಿಸುತ್ತಿದ್ದವು. ನಿಲ್ಲಿಸಿದಾಗಲೇ ಹೆಚ್ಚು ಹೆದರಿಕೆ. ಗೈಡ್ ಮರದ ಬೇರು ತೋರಿಸಿದ, ತೊಡೆಯಷ್ಟು ದಪ್ಪದ ಬಳ್ಳಿ ತೋರಿಸಿದ, ತಲೆಯ ಮೇಲೆ ಬುಸ್ ಬುಸ್ ಎಂದು ರೆಕ್ಕೆ ಬಡಿದು ಹೋದ ಮಂಗಟ್ಟೆ ಹಕ್ಕಿಯನ್ನು ನೋಡಿ ಸೀಟಿ ಊದಿದ. ನಾನು ಒಂದನ್ನೂ ಸರಿಯಾಗಿ ನೋಡಲಿಲ್ಲ ಅಪ್ಪ. ನನ್ನ ಕಣ್ಣು ಆಯಿಯ ಮೇಲೆ. ಅವಳು ಮುಂದೆ, ಗಾಂವಕರ ಮಾಮನ ಪಕ್ಕದಲ್ಲಿ ನಡೆಯುತ್ತಿದ್ದಳು. ಅವರು ಏನೋ ಕೇಳುತ್ತಿದ್ದರು, ಇವಳು ಉತ್ತರ ಕೊಡುತ್ತಿದ್ದಳು. ಒಮ್ಮೆ ಇಬ್ಬರೂ ತಿರುಗಿ ನನ್ನನ್ನು ನೋಡಿದರು. ನನ್ನ ಓದು ಮುಗಿಯಿತು ಅಂದುಕೊಂಡೆ.

ತಿರುವಿನಲ್ಲಿ ಒಮ್ಮೆಲೇ ಬಂಡೆ ಕಂಡಿತು. ನೀನು ಹೇಳುತ್ತಿದ್ದೆ, ಫೋಟೋದಲ್ಲಿ ಅದು ಹಿಡಿಯುವುದಿಲ್ಲ ಎಂದು. ಹಿಡಿಯುವುದಿಲ್ಲ. ಮರಗಳ ನಡುವಿನಿಂದ ಕರಿ ಗೋಡೆಯೊಂದು ಎದ್ದು ಆಕಾಶದವರೆಗೆ ಹೋಗಿದೆ. ಕಾಲಡಿಯ ಮಣ್ಣೂ ಕಪ್ಪು. "ಬೆಂಕಿ ಉಗುಳಿ ತಣ್ಣಗಾದ ಕಲ್ಲು ಇದು. ಕಲರ್ ನೋಡಿದ್ರೇ ಗೊತ್ತಾಗ್ತದೆ," ಎಂದ ಗೈಡ್.

"ಜ್ವಾಲಾಮುಖಿ ಅಲ್ಲ ಮಾರಾಯ, ಭಸ್ಮಾಸುರ ಸುಟ್ಟದ್ದು," ಎಂದರು ಹಿಂದಿನಿಂದ ಯಾರೋ.

"ಅವ್ನು ತಲೆ ಮೇಲೆ ಕೈ ಇಟ್ಕಂಡದ್ದು ಒಂದ್ಸಲ. ಅಷ್ಟಕ್ಕೇ ಇಷ್ಟು ದೊಡ್ಡ ಕಲ್ಲು ಕಪ್ಪಾಗ್ತದಾ?"

"ಆಫೀಸಿನ ಚಾ ಪಾತ್ರೆ ನೋಡು. ದಿನಾ ತಿಕ್ಕಿದ್ರೂ ಕಪ್ಪೇ."

ನಗುವಿನ ಮಧ್ಯೆ ಗಾಂವಕರ ಮಾಮ ನನ್ನ ಕಡೆ ತಿರುಗಿದರು. "ನಮ್ಮ ಕಲ್ಲಿನ ಡಾಕ್ಟ್ರು ಇಲ್ಲೇ ಇದ್ದಾಳಲ್ಲ, ಕೇಳ್ವ. ಅಪ್ಪ ಊರಿಗೆಲ್ಲ ಹೇಳಿಟ್ಟಿದ್ದ." ಕಲ್ಲಿನ ಡಾಕ್ಟ್ರು! ನನ್ನೆದುರು ಮಾತ್ರ, "ಕಲ್ಲು ಓದಿ ಎಂತ ಮಾಡ್ತಿ?" ಎನ್ನುತ್ತಿದ್ದೆಯಲ್ಲ ಅಪ್ಪ? ಜ್ವಾಲಾಮುಖಿಯಲ್ಲ ಎಂದು ನನಗೆ ಅನ್ನಿಸುತ್ತಿತ್ತು. ಬಣ್ಣ ನೋಡಿ ಕಲ್ಲಿನ ಹೆಸರು ಹೇಳಬೇಡಿ ಎಂದು ನಮ್ಮ ಸರ್ ಮೊದಲ ಕ್ಲಾಸಿನಲ್ಲೇ ಹೇಳಿದ್ದರು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. "ಗೊತ್ತಿಲ್ಲ ಮಾಮ," ಎಂದೆ.

ಭೈರವೇಶ್ವರನ ಗುಡಿಗೆ ಮೆಟ್ಟಿಲು ಹತ್ತುವಾಗ ಆಯಿ ಹಿಂದೆ ನಿಂತಳು. ವರ್ಷ ತುಂಬುವವರೆಗೆ ನಾವು ಗುಡ್ಡದ ದೇವರ ಹತ್ತಿರ ಹೋಗುವ ಹಾಗಿಲ್ಲ. ಉಳಿದವರೆಲ್ಲ ಮೇಲೆ ಹೋದರು, ನಾವಿಬ್ಬರೇ ಕೆಳಗೆ ಬಂಡೆಯ ನೆರಳಲ್ಲಿ ಕೂತೆವು. ನನ್ನ ಕೈ ಸುಮ್ಮನಿರಲಿಲ್ಲ. ಬಿದ್ದಿದ್ದ ಒಂದು ಚೂರು ಕಲ್ಲನ್ನು ಎತ್ತಿ ಮನೆಯ ಕೀಲಿಕೈಯಿಂದ ಗೀರಿದೆ. ಕಪ್ಪು ಹೊರಗಡೆ ಮಾತ್ರ, ಒಳಗೆ ಬೂದು ಬಿಳಿ. ಪುಡಿಯ ಮೇಲೆ ಲಿಂಬೆಹಣ್ಣು ಹಿಂಡಿದೆ. ಏನೂ ಆಗಲಿಲ್ಲ. ಕಣ್ಣು ಹತ್ತಿರ ತಂದರೆ ಸಣ್ಣ ಸಣ್ಣ ಗುಳ್ಳೆಗಳು, ಒಂದರ ಹಿಂದೆ ಒಂದು.

"ಎಂತ ಮಾಡ್ತಿದ್ದಿ?"

"ಸುಣ್ಣದ ಕಲ್ಲು ಆಯಿ ಇದು. ನೋಡು, ಹುಳಿಗೆ ನೊರೆ ಬರ್ತಿದೆ. ಜ್ವಾಲಾಮುಖಿ ಅಲ್ಲ."

ಆಯಿ ಬಗ್ಗಿ ನೋಡಿದಳು. "ಮತ್ತೆ ಅವ್ರು ಕೇಳ್ದಾಗ ಯಾಕೆ ಹೇಳ್ಲಿಲ್ಲ?"

"ಶ್ಯೂರ್ ಇರ್ಲಿಲ್ಲ."

"ಈಗ?"

"ಈಗ... ಅರ್ಧ." ಅಲ್ಲಿಗೇ ನಿಲ್ಲಿಸಬೇಕಿತ್ತು, ಆಗಲಿಲ್ಲ. "ಆಯಿ, ಅರ್ಜೀಲಿ ನನ್ನ ಹೆಸರು ಹಾಕ್ತೀಯಾ? ಹಾಕುವುದಾದರೆ ಈಗಲೇ ಹೇಳು. ನಾನು ಮುಂದಿನ ಫೀಸು ಕಟ್ಟುವುದಿಲ್ಲ, ಹಾಸ್ಟೆಲಿಗೆ ಹೇಳಬೇಕು, ಟೈಪಿಂಗ್ ಕಲಿಯಬೇಕು..."

ಆಯಿ ನನ್ನ ಕೈಯಿಂದ ಲಿಂಬೆಹಣ್ಣು ತೆಗೆದಿಟ್ಟಳು. "ನಿನ್ನ ಹೆಸ್ರು ಎಂತಕ್ಕೆ? ನಾ ಇಲ್ವಾ?"

"ದೊಡ್ಡಪ್ಪ..."

"ಅವ್ರಿಗೆ ಹೇಳುಕೆ ಏನು? ಆಫೀಸ್ನಲ್ಲಿ ಕೂರುದು ಅವ್ರಲ್ಲ." ಆಮೇಲೆ ಧ್ವನಿ ತಗ್ಗಿಸಿದಳು. "ನಂಗೂ ಹೆದ್ರಿಕೆ ಇತ್ತು ಮಗಾ. ಇವ್ರೆಲ್ಲ ನಿಮ್ಮಪ್ಪನ ಜೊತಿಗಿದ್ದವ್ರು. ದಿನಾ ಅವ್ರ ಸುದ್ದಿ ಬರ್ತದೆ. ಬಂದಾಗೆಲ್ಲ ನಾ ಅಳ್ತಾ ಕೂತ್ರೆ ಹ್ಯಾಂಗೆ ನೌಕರಿ ಮಾಡುದು? ಒಂದು ದಿನ ಇವ್ರ ಜೊತೆ ಇದ್ದು ನೋಡ್ವ ಅಂತಲೇ ಬಂದೆ."

"ಅಳು ಬಂತಾ?"

"ಒಂದ್ಸಲ. ಅವರ್ಸಾದಲ್ಲಿ, ಚಪ್ಪಲಿ ಹುಡ್ಕುವಾಗ."

ದೊಡ್ಡಪ್ಪನಿಗೆ ಕಾಣಬಾರದೆಂದು ಅವಳು ಬಗ್ಗಿದ್ದು ಎಂದುಕೊಂಡೆನಲ್ಲ ಅಪ್ಪ! ಪಕ್ಕದಲ್ಲೇ ಕೂತಿದ್ದವಳು ನಾನು. ನಿನಗಾದರೆ ಗೊತ್ತಾಗುತ್ತಿತ್ತಾ? ಆಯಿ ಸೆರಗಿನಿಂದ ನನ್ನ ಮುಖ ಒರೆಸಿದಳು, ಸುಣ್ಣ ತಂಬಾಕಿನ ವಾಸನೆ. "ಹೆದ್ರಿಕೆ ಬೇಕಾರೆ ಇಬ್ರೂ ಹಂಚ್ಕೊಳ್ವ. ನೌಕರಿ ಮಾತ್ರ ನಂಗಿರ್ಲಿ," ಎಂದಳು.

ಊಟಕ್ಕೆ ಹಳ್ಳದ ಬದಿಯಲ್ಲಿ ಸಾಲಾಗಿ ಕೂತಾಗ ಅವಳು ಎಲ್ಲರೆದುರೇ ಹೇಳಿದಳು. "ಗಾಂವಕರ್ರೇ, ಅರ್ಜಿ ನನ್ನ ಹೆಸ್ರಲ್ಲಿ." ಮಾಮನ ಕೈಯ ತುತ್ತು ಅಲ್ಲೇ ನಿಂತಿತು. "ವೈನಿ, ಕಂಪ್ಯೂಟರ್ ಬಂದದೆ ಈಗ."

"ನಿಮ್ಗೆ ಬರ್ತದಾ?"

"ನಂಗೆಲ್ಲಿ ಬರ್ತದೆ."

"ಹಾಂಗಾರೆ ಇಬ್ರೂ ಕಲಿವ."

ಹಳ್ಳದ ಆಚೆಗೂ ಕೇಳುವ ಹಾಗೆ ನಕ್ಕರು ಎಲ್ಲರೂ. ನಾನು ಆ ಸದ್ದಿನಲ್ಲಿ ಗೈಡಿನ ಹತ್ತಿರ ಹೋಗಿ, ಅದು ಸುಣ್ಣದ ಕಲ್ಲು ಎಂದು ಮೆಲ್ಲಗೆ ಹೇಳಿದೆ. ಅವನು ಯೋಚಿಸಿ, "ಟೂರಿಸ್ಟಿಗೆ ಜ್ವಾಲಾಮುಖಿ ಅಂದ್ರೇ ಖುಷಿ ಮೇಡಂ," ಎಂದ.

ಇದನ್ನೆಲ್ಲ ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನೌಕರಿಯ ಆರ್ಡರು ಬರುವವರೆಗೆ ನನಗೆ ನಂಬಿಕೆ ಇರಲಿಲ್ಲ. ಕಾಗದ ಎಲ್ಲೋ ನಿಂತುಬಿಟ್ಟರೆ? ಆಯಿ ಮನಸ್ಸು ಬದಲಿಸಿದರೆ? ಬಂತು ಅಪ್ಪ. ನಿನ್ನೆ ಆಯಿ ಕೆಲಸಕ್ಕೆ ಸೇರಿದಳು. ಸಂಜೆ ಧಾರವಾಡದ ಹಾಸ್ಟೆಲಿನಿಂದ ಅವಳಿಗೆ ಫೋನು ಮಾಡಿದೆ. ಹೇಗಾಯಿತು ಎಂದರೆ "ಅಡ್ಡಿಲ್ಲ" ಎಂದಳು. ಯಾರೋ ಮುದುಕರು ಬಂದು ಸಾಹೇಬರು ಎಲ್ಲಿ ಎಂದು ಕೇಳಿದರಂತೆ, ಇವಳಿಗೂ ಗೊತ್ತಿಲ್ಲ, ಇಬ್ಬರೂ ಸೇರಿ ಹುಡುಕಿದರಂತೆ. ನನ್ನ ಪ್ರಶ್ನೆಗಳು ಮುಗಿದಿರಲಿಲ್ಲ. ಊಟ ಯಾರ ಜೊತೆ, ಬೈಯುವವರು ಇದ್ದಾರಾ, ಕಂಪ್ಯೂಟರ್ ಮುಟ್ಟಿದೆಯಾ, ತಲೆ ಸುತ್ತು ಬಂತಾ... "ಸಾಕು ತಂಗಿ, ಇಡ್ತೆ. ನಾಳೆಗೆ ಸೀರೆ ಇಸ್ತ್ರಿ ಆಗ್ಬೇಕು," ಎಂದಳು, ಇಟ್ಟೇಬಿಟ್ಟಳು. ಇಷ್ಟು ವರ್ಷ ಫೋನು ಮೊದಲು ಇಡುತ್ತಿದ್ದವಳು ನಾನು, ಇಟ್ಟ ಮೇಲೂ ಅವಳು ಹಿಡಿದೇ ನಿಂತಿರುತ್ತಾಳೆ ಎಂದು ನೀನು ಬೈಯುತ್ತಿದ್ದೆ. ನಾನು ರಿಸೀವರ್ ಹಿಡಿದುಕೊಂಡು ಹಾಗೇ ನಿಂತೆ. ಹಿಂದೆ ಸಾಲಿನಲ್ಲಿದ್ದ ಹುಡುಗಿ ಭುಜ ತಟ್ಟಿ, "ಏನಾಯ್ತು, ಲೈನ್ ಕಟ್ಟಾಯ್ತಾ?" ಎಂದಳು.

"ಇಲ್ಲ," ಎಂದೆ. "ನಮ್ಮ ಆಯಿ ಬಿಜಿ."

ನಿನ್ನ ಮಗಳು