ಎರಡು ಬಾಗಿಲ ಕೋಟೆಯಿಂದ

ಗೋದಾಮಿನ ಓಣಿಯ ತಳ,
ನಿನ್ನ ಕಾರಿನ ಒಳಗಿನಿಂದ,
ಬುಧವಾರ, ಊಟವಾದ ಮೇಲೆ

ಸಪ್ತಸಾಗರ ಸಂಚಾರಿಣಿಯೂ, ಹಡಗಿನ ಹೊಟ್ಟೆಯೊಳಗಿನ ಸಮಸ್ತ ಯಂತ್ರಗಳ ಒಡತಿಯೂ, ಸ್ಪ್ಯಾನರ್‌ಪಾಣಿಯೂ, ಗ್ರೀಸ್‌ತಿಲಕಧಾರಿಣಿಯೂ, ಈ ಮನೆಯ ಹಿರಿಯ ಸಂತಾನವೂ ಆದ ಶ್ರೀಮನ್ಮಹಾ ಅಕ್ಕನವರ ಎಣ್ಣೆ ಮೆತ್ತಿದ ಪಾದಕಮಲಗಳಿಗೆ, ಸದರಿ ಅಕ್ಕನವರ ಕಾರಿಗೆ ದುರ್ಗಪಾಲನಾಗಿ ನೇಮಕಗೊಂಡ ತಮ್ಮನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಎಂಟೂ ಅಂಗ ಚಾಚಲು ಈ ಕಾರಿನಲ್ಲಿ ಜಾಗವಿಲ್ಲ. ಸದ್ಯಕ್ಕೆ ಎರಡು ಮಂಡಿ, ಒಂದು ಗದ್ದ ಸಲ್ಲಿಸಿದ್ದೇನೆ. ಉಳಿದ ಐದು ನೀನು ಬಂದಾಗ.

ಮೊದಲು ನಿನ್ನ ಆರೋಗ್ಯ. ಮುಂಗೈಯ ಸುಟ್ಟಗಾಯ ಮಾಗಿತೇ? ವಾಂತಿ ನಿಂತಿತೇ, ಅಥವಾ ಬಕೆಟ್ಟಿನ ಸೇವೆ ಇನ್ನೂ ನಡೆದೇ ಇದೆಯೇ? ಹಡಗು ದುರಸ್ತಿಗೆಂದು ಬಂದರಿನಲ್ಲಿ ನಿಂತಿದ್ದರೂ ನಿನಗೆ ಮಾತ್ರ ನೆಲಕ್ಕೆ ಇಳಿಯಲು ಬಿಡುವಿಲ್ಲ ಎಂದು ನೀನು ಬರೆದಿದ್ದೆ. ಅದನ್ನು ಓದಿ ಅಮ್ಮ ನಿಟ್ಟುಸಿರಿಟ್ಟಳು. ನಾನು ಮಾತ್ರ ಒಳಗೊಳಗೇ ಹಿಗ್ಗಿದೆ, ಸೆರೆಯಲ್ಲಿರುವುದು ನಾನೊಬ್ಬನೇ ಅಲ್ಲವಲ್ಲ ಅಂತ. ಅಮ್ಮ ಆರಾಮಾಗಿದ್ದಾಳೆ. ಮಕ್ಕಳು ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ "ದೊಡ್ಡವಳು ನೀರಿನ ಮೇಲಿದಾಳೆ, ಚಿಕ್ಕವನು ನನ್ನ ತಲೆ ಮೇಲಿದಾನೆ" ಅನ್ನುತ್ತಾಳೆ. ಅಪ್ಪನಿಗೆ ಮಾತ್ರ ನಿದ್ದೆಯಿಲ್ಲ. ಊರಿಗೆಲ್ಲ ಹಾಸಿಗೆ ಮಾರುವ ಮನುಷ್ಯ. ಅಂಗಡಿಯಲ್ಲಿ ಹತ್ತಿ, ನಾರು, ಸ್ಪ್ರಿಂಗು, ಫೋಮು ಎಲ್ಲ ಗೋಡೆಯೆತ್ತರ ಪೇರಿಸಿದೆ. ನೀನು ಹೋದಾಗಿನಿಂದ ಒಂದೊಂದನ್ನೇ ಮನೆಗೆ ತಂದು, ಹಾಸಿ, ಹೊರಳಾಡಿ, ಬೆಳಿಗ್ಗೆ "ಇದೂ ಸರಿಯಿಲ್ಲ" ಎಂದು ಹೊತ್ತುಕೊಂಡು ವಾಪಸು ಹೋಗುತ್ತಾನೆ. ಆಮೇಲೆ ಕೆಂಪು ಕಣ್ಣು ಉಜ್ಜಿಕೊಳ್ಳುತ್ತ ಗಿರಾಕಿಗೆ "ಮಲಗಿದ್ರೆ ಸ್ವರ್ಗ" ಅನ್ನುತ್ತಾನೆ. ನಿನ್ನ ಸುದ್ದಿ ಎತ್ತುವುದಿಲ್ಲ. "ಹೋದ್ರೆ ಹೋಗು, ನಿನ್ನ ಆ ತಗಡು ಡಬ್ಬಾನೂ ತಗೊಂಡೋಗು" ಎಂದು ಬಾಗಿಲಲ್ಲಿ ನಿಂತು ಕೂಗಿದ್ದೇ ಕೊನೆ. ನೀನು ಹೋದೆ, ಡಬ್ಬ ಉಳಿಯಿತು. ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು "ನೋಡ್ಕೋ" ಅಂದೆ. ಆ ಎರಡಕ್ಷರದ ರಾಜಾಜ್ಞೆಯನ್ನು ನಾನು ಹೇಗೆ ಪಾಲಿಸಿದೆ ಎಂಬುದೇ ಈ ಮಹಾಲೇಖದ ವಸ್ತು.

ಕಳೆದ ವಾರ ಊಟಕ್ಕೆ ಕೂತಾಗ ಅಪ್ಪ ಒಂದು ಘೋಷಣೆ ಹೊರಡಿಸಿದ. ಹಳೇ ವಾಹನಗಳ ವ್ಯಾಪಾರಿಯೊಬ್ಬ ನಿನ್ನ ಕಾರು ತೆಗೆದುಕೊಂಡು ಅದರ ಬದಲಿಗೆ ಒಂದು ವ್ಯಾನ್ ಕೊಡುತ್ತಾನಂತೆ. "ಹಾಸಿಗೆ ಹೊರೋಕೆ ವ್ಯಾನ್ ಬೇಕು, ಓಡ್ಸೋಕೆ ಇವನಿದಾನೆ" ಎಂದು ನನ್ನ ಕಡೆಗೆ ಗದ್ದ ತೋರಿಸಿದ. ಕಾಗದಪತ್ರವೆಲ್ಲ ಅಪ್ಪನ ಹೆಸರಿನಲ್ಲೇ ಇದೆಯಲ್ಲ, ಅವನಿಗೆ ಯಾರ ಒಪ್ಪಿಗೆ ಬೇಕು? ಅಕ್ಕ, ಆ ವ್ಯಾನನ್ನು ನಾನು ಕಣ್ಣಾರೆ ಕಂಡಿದ್ದೇನೆ. ರಸ್ತೆಯ ಮೇಲೆ ನಡೆದಾಡುವ ಬೀರು. ಅದರ ಪಕ್ಕೆಗೆ ಬರೆಸಬೇಕಾದ್ದನ್ನೂ ಅಪ್ಪ ಯೋಚಿಸಿಟ್ಟಿದ್ದ: ‘ತಂದೆ ಮತ್ತು ಮಗ, ಹಾಸಿಗೆ ವ್ಯಾಪಾರಿಗಳು.’ ಆ ‘ಮಗ’ ಎಂಬ ಮಾತು ಎಣ್ಣೆಬಣ್ಣದಲ್ಲಿ ಒಮ್ಮೆ ಒಣಗಿತೆಂದರೆ ನನ್ನ ಕಥೆ ಮುಗಿಯಿತು. ಹಲ್ಲು ಉದುರುವವರೆಗೆ ಪರರ ಮೂರನೇ ಮಹಡಿಗೆ ಡಬಲ್ ಹಾಸಿಗೆ ಹೊರುತ್ತಲೇ ಇರಬೇಕು. ಸೈಲೆನ್ಸರ್ ಗೊತ್ತಲ್ಲ, ಬಾಯಿ ಮುಚ್ಚದ ನಮ್ಮ ಮೆಕ್ಯಾನಿಕ್, ಅವನು ಗ್ಯಾರೇಜಿಗೆ ಬಂದು ಕೆಲಸ ಕಲಿ ಎಂದು ಕರೆದಿದ್ದ. ಅದೂ ಅಲ್ಲಿಗೆ ಮಣ್ಣುಪಾಲು. ನಿನಗಾದರೆ ತಪ್ಪಿಸಿಕೊಳ್ಳಲು ಒಂದು ಸಮುದ್ರವೇ ಇತ್ತು. ನನಗಿದ್ದದ್ದು ಈ ಕಾರು.

ಸೋಮವಾರ ಬೆಳಿಗ್ಗೆ ವ್ಯಾಪಾರಿ ಬಂದ. ಅವನು ಅಂಗಡಿಯ ಮುಂದೆ ಅಪ್ಪನ ಕೈ ಕುಲುಕುತ್ತಿರುವಾಗಲೇ ನಾನು ಕಾರನ್ನು ಗೋದಾಮಿನ ಪಕ್ಕದ ಓಣಿಗೆ ಇಳಿಸಿಬಿಟ್ಟೆ. ನಿನಗೆ ನೆನಪಿರುವ ಓಣಿಯೇ, ಮೂಟೆ ಉರುಳಿಸಲು ಅನುಕೂಲವಾಗಲೆಂದು ಇಳಿಜಾರು ಮಾಡಿದ್ದು. ಎಡಕ್ಕೆ ನಮ್ಮ ಗೋದಾಮು, ಬಲಕ್ಕೆ ಬಡಗಿಯ ಗೋಡೆ, ಎದುರಿಗೆ ಅದೇ ಬಡಗಿ ಹೊಸದಾಗಿ ಕಟ್ಟಿಸಿದ ಇನ್ನೊಂದು ಗೋಡೆ. ನಿನ್ನ ಕಾರಿಗಿರುವುದು ಎರಡೇ ಬಾಗಿಲು, ಆ ಎರಡೂ ಬಾಗಿಲು ನಾಲ್ಕು ಬಾಗಿಲಿನಷ್ಟು ಉದ್ದ. ಇಲ್ಲಿ ನಾಲ್ಕು ಬೆರಳಷ್ಟು ಮಾತ್ರ ತೆರೆಯುತ್ತವೆ. ಹಿಂದಿನ ಗಾಜಿನ ಬಾಗಿಲು ಎತ್ತಿ, ಮಡಚಿದ ಸೀಟಿನ ಮೇಲೆ ಕಪ್ಪೆಯ ಹಾಗೆ ತೆವಳುವುದೊಂದೇ ದಾರಿ. ನಾನು ಒಳಗಿನಿಂದ ಎಲ್ಲ ಭದ್ರಪಡಿಸಿ, ಹ್ಯಾಂಡ್‌ಬ್ರೇಕ್ ಜಗ್ಗಿ, ಮೊದಲನೇ ಗೇರಿನಲ್ಲಿಟ್ಟು, ಕೈಕಟ್ಟಿ ಕೂತೆ. ವ್ಯಾಪಾರಿ ಬಗ್ಗಿ ನೋಡಿದ, ಎದ್ದು ನೋಡಿದ. "ಮೂತಿ ಎತ್ತಿ ಎಳೆಯೋಣ ಅಂದ್ರೆ ಮುಂದೆ ಗೋಡೆ ಇದೆ. ಹಿಂದಿಂದ ಎಳೆಯೋಣ ಅಂದ್ರೆ ಮುಂದಿನ ಚಕ್ರ ಗೇರಲ್ಲಿ ಕಚ್ಕೊಂಡಿದೆ, ಹಿಂದಿನದಕ್ಕೆ ಬ್ರೇಕ್ ಹಾಕಿದಾನೆ. ನಾಲ್ಕೂ ಕಾಲು ಊರಿ ನಿಂತಿರೋ ಕತ್ತೆ ಸ್ವಾಮಿ ಇದು" ಎಂದ. ಕತ್ತೆ ಎಂದದ್ದು ಕಾರಿಗೋ ನನಗೋ ಎಂದು ಕೇಳಲು ಅದು ಸಮಯವಾಗಿರಲಿಲ್ಲ. ಅಪ್ಪ ಗಾಜು ಬಡಿದ. "ಬಾಗಿಲು ತೆಗೆಯೋ!" "ತೆಗೆಯಲ್ಲ ಅಪ್ಪಾ!" "ತೆಗೆಯಲ್ವೋ, ತೆಗೆಯೋಕೆ ಆಗಲ್ವೋ?" "ಎರಡೂನೂ!" ನಾನು ದೀಪದ ಗುಂಡಿ ಒತ್ತಿದೆ. ಎಡಗಣ್ಣು ತಡವಾಗಿ ಏಳುವ ಹಳೇ ಚಾಳಿ ಇದೆಯಲ್ಲ, ಕಾರು ಆ ಗೋಡೆಗೇ ಗಂಭೀರವಾಗಿ ಕಣ್ಣು ಹೊಡೆಯಿತು. ವ್ಯಾಪಾರಿ ಎರಡು ದಿನ ಬಿಟ್ಟು ಬರುತ್ತೇನೆಂದು ಹೊರಟುಹೋದ. ರಾತ್ರಿ ನಾನು ಮನೆಗೆ ಹೋಗಿ ಮಲಗಿದೆ, ಬೆಳಿಗ್ಗೆ ಹಲ್ಲುಜ್ಜಿ ಬಂದು ಮತ್ತೆ ಬಂಡಾಯಕ್ಕೆ ಕೂತೆ. ಎಲ್ಲಕ್ಕೂ ಒಂದು ಶಿಸ್ತು ಇರಬೇಕಲ್ಲವೇ.

ಈ ಸೆರೆಯಲ್ಲಿ ಕೂತು ಕೂತು ನಿನ್ನ ಕಾರಿನ ಮೇಲೆ ನನಗೆ ಭಕ್ತಿ ಇಮ್ಮಡಿಯಾಗಿದೆ. ಇದಕ್ಕೆ ಯಾರು ಮರ್ಯಾದೆ ಕೊಟ್ಟಿದ್ದಾರೆ ಹೇಳು? "ಎರಡು ಬಾಗಿಲು ಕಮ್ಮಿ ಇದೆ, ಅರ್ಧ ಬೆಲೆಗೆ ಕೊಡ್ಬೇಕಿತ್ತು" ಎಂದಿದ್ದ ಅಪ್ಪ. ಸೈಲೆನ್ಸರ್ ಅಂತೂ ಬಾನೆಟ್ ಎತ್ತಿದಾಗಲೆಲ್ಲ "ಸ್ಪೋರ್ಟ್ಸ್ ಕಾರು ಅಂದ್ರೆ ಹಿಂದಿನ ಚಕ್ರ ಒದೀಬೇಕು ಕಣೋ. ಇದು ಮುಂದಿಂದ ಎಳೆಯತ್ತೆ. ಓಟದ ಕುದುರೆ ಅಂತ ಹೇಳಿ ಗಾಡಿ ಎತ್ತು ತಂದಿದಾಳೆ ನಿಮ್ಮಕ್ಕ" ಎನ್ನುತ್ತಿದ್ದ. ನೀನು ಹೋದ ಮೇಲೆ ಒಂದು ಮಳೆಯ ಸಂಜೆ, ಕೆರೆಯ ಪಕ್ಕದ ಆ ದೊಡ್ಡ ತಿರುವಿನಲ್ಲಿ, ಅವನು ಹಿಂದಿನ ಚಕ್ರ ಒದೆಯುವ ತನ್ನ ಘನಗಂಭೀರ ಕಾರಿನಲ್ಲಿ ನನ್ನ ಬೆನ್ನು ಹತ್ತಿದ. ರಸ್ತೆ ತುಂಬ ಒದ್ದೆ ಎಲೆ. ನಾನು ನೀನು ಹೇಳಿಕೊಟ್ಟ ಹಾಗೆಯೇ ಮಾಡಿದೆ: ತಿರುವಿಗೆ ಮುಂಚೆಯೇ ನಿಧಾನಿಸಿದೆ, ನಡುವೆ ಕಾಲನ್ನು ಕೊಂಚ ಸಡಿಲಿಸಿದೆ. ಮೂತಿ ತಾನಾಗಿ ಒಳಕ್ಕೆ ವಾಲಿತು, ಹಿಂಭಾಗ ಹಗುರಾಗಿ ಸರಿದು ಸಾಲಿಗೆ ಬಂತು, ‘ಆಯ್ತಾ? ಇನ್ನು ಒತ್ತು’ ಅಂದಿತು ಕಾರು. ಒತ್ತಿದೆ. ಆಟಿಕೆ ಅಂಗಡಿ ಕಂಡ ಮಗುವಿನ ಹಾಗೆ ಸ್ಟೀರಿಂಗು ಒಂದು ಸಲ ಕೈ ಜಗ್ಗಿತು. ಮರುಗಳಿಗೆ ಮುಂದಿನ ಚಕ್ರಗಳು ನೆಲ ಕಚ್ಚಿ ಇಡೀ ಕಾರನ್ನು ತಿರುವಿನಿಂದ ಆಚೆಗೆ ಎಳೆದುಕೊಂಡವು. ಎಂಜಿನ್ನಿನ ದನಿ ಗೊಣಗಾಟ ಬಿಟ್ಟು ಹಾಡಿಗೆ ಏರುವ ಆ ಜಾಗ ಇದೆಯಲ್ಲ, ಅಲ್ಲಿ ನಾನೂ ಕೂಗಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ಸೈಲೆನ್ಸರನ ಕಾರು ಒಂದು ಸುತ್ತು ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತ್ತು. ಅವನು ಇಳಿದು, ನಡೆದು ಬಂದು, ನಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟು "ತಪ್ಪಾಯ್ತು ತಾಯಿ" ಎಂದ. ಆಮೇಲೆ ವಾರವಿಡೀ ಈ ಕಾರಿನ ಬಗ್ಗೆ ಅವನಿಂದ ಒಂದು ಕೊಂಕು ಮಾತಿಲ್ಲ. ಸೈಲೆನ್ಸರ್‌ಗೆ ಸೈಲೆನ್ಸರ್ ಹಾಕಿದ ಕೀರ್ತಿ ಈ ಕಾರಿನದ್ದು.

ಇನ್ನು ಮುಖ್ಯ ಘಟನೆಗೆ ಬರುತ್ತೇನೆ. ನಿನ್ನೆ ಮಧ್ಯಾಹ್ನ ಅಪ್ಪ ನನ್ನ ಕಿವಿ ಹಿಡಿದು ಎಳೆದು ತರುತ್ತೇನೆಂದು ಅಮ್ಮನ ಮುಂದೆ ಪಣ ತೊಟ್ಟು ಓಣಿಗೆ ಇಳಿದ. ಹಿಂಬಾಗಿಲ ಗಾಜನ್ನು ನಾನು ಮುಚ್ಚಿರಲಿಲ್ಲ, ಸೆಕೆ. ಅಪ್ಪ ಆ ದಾರಿಯಲ್ಲೇ ನುಗ್ಗಿದ. ಅರ್ಧಕ್ಕೆ ಬಂದಾಗ ಹೊಟ್ಟೆ ಸಿಕ್ಕಿಕೊಂಡಿತು. ಹಿಂದಿನಿಂದ ತಳ್ಳುವವರು ಯಾರೂ ಇಲ್ಲ. ನಾನು ಎರಡೂ ಕೈ ಹಿಡಿದು ಮುಂದಿನಿಂದ ಎಳೆದೆ, ಸಲೀಸಾಗಿ ಬಂದ. ಮುಂದಿನಿಂದ ಎಳೆಯುವ ಪದ್ಧತಿಯ ಮಹಿಮೆ ಅಲ್ಲೂ ಸಾಬೀತಾಯಿತು. ಏದುಸಿರು ಬಿಡುತ್ತ ಪಕ್ಕದ ಸೀಟಿನಲ್ಲಿ ಕುಸಿದ ಅಪ್ಪ ಬೈಯಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಹೆಬ್ಬೆರಳು, ಅಭ್ಯಾಸಬಲ ನೋಡು, ಸೀಟಿನ ಅಂಚನ್ನು ಒತ್ತಿತು. ಇನ್ನೊಮ್ಮೆ ಒತ್ತಿತು. "ಎಷ್ಟು ವರ್ಷದ ಕಾರು ಇದು?" ಎಂದು ಕೇಳಿದ. ಹನ್ನೊಂದು ಎಂದೆ. "ಹನ್ನೊಂದು ವರ್ಷಕ್ಕೂ ಕುಗ್ಗಿಲ್ವಲ್ಲೋ. ಸೊಂಟಕ್ಕೆ ಗಟ್ಟಿ, ಭುಜಕ್ಕೆ ಮೆತ್ತಗೆ. ಪಕ್ಕಕ್ಕೆ ಜಾರದ ಹಾಗೆ ಹಿಡ್ಕೊಳತ್ತೆ ಬೇರೆ. ಯಾವನೋ ತಲೆ ಇರೋನು ಮಾಡಿದಾನೆ." ಸೀಟನ್ನು ಹಿಂದಕ್ಕೆ ಒರಗಿಸಿ ತೋರಿಸಿದೆ. ಒರಗಿದ.

"ಅವಳು ಇಲ್ಲೇ ಕೂರ್ತಿದ್ಲಾ?"

ಇಲ್ಲ ಅಪ್ಪ, ಅವಳು ಸ್ಟೀರಿಂಗ್ ಕಡೆ, ನೀನು ಕೂತಿರೋದು ನನ್ನ ಜಾಗ ಎಂದೆ.

"ನನ್ನನ್ನ ಒಂದ್ಸಲಾನೂ ಕರೀಲಿಲ್ಲ ನೋಡು."

"ತಗಡು ಡಬ್ಬ ಅಂದಿದ್ಯಲ್ಲ ನೀನು."

"ಅಂದ್ರೆ ಏನಾಯ್ತೋ? ಕರೀಬಾರ್ದಾ?"

ಒಂದು ತಮಾಷೆ ಮಾಡೋಣವೆಂದು ಹುಡುಕಿದೆ, ಸಿಗಲಿಲ್ಲ. ಪಕ್ಕಕ್ಕೆ ತಿರುಗಿದರೆ ಅಪ್ಪ ನಿದ್ದೆ ಹೋಗಿದ್ದ. ಸಾಧಾರಣ ನಿದ್ದೆಯಲ್ಲ, ಬಾಯಿ ತೆರೆದು, ಕೈ ಬಿಟ್ಟು, ತಿಂಗಳುಗಟ್ಟಲೆ ಬಾಕಿಯಿದ್ದದ್ದನ್ನೆಲ್ಲ ಒಟ್ಟಿಗೆ ತೀರಿಸುವ ನಿದ್ದೆ. ಗೊರಕೆಗೆ ಡ್ಯಾಶ್‌ಬೋರ್ಡು ಅದುರುತ್ತಿತ್ತು. ನಾನು ಉಸಿರು ಬಿಗಿಹಿಡಿದು ಕೂತೆ. ಕಾಲು ಜೋಮು ಹಿಡಿಯಿತು, ಮೂಗಿನ ಮೇಲೆ ನೊಣ ಕೂತಿತು, ಕದಲಲಿಲ್ಲ. ಅಮ್ಮ ಬಂದು ಹಿಂಬಾಗಿಲಲ್ಲಿ ಇಣುಕಿ, ಸೆರಗು ಬಾಯಿಗೊತ್ತಿಕೊಂಡು ಹೋಗಿ, ಬಂದ ಗಿರಾಕಿಗಳನ್ನೆಲ್ಲ ನಾಳೆ ಬನ್ನಿ ಎಂದು ಕಳಿಸಿದಳಂತೆ. ಹೊತ್ತು ಮುಳುಗುವ ಮುಂಚೆ ಅಪ್ಪ ಎದ್ದ, ಬಾಯಿ ಒರೆಸಿಕೊಂಡ. "ಅವಳ ಕಾರಿಗೋಸ್ಕರ ನೀನು ಇಷ್ಟು ಹಠ ಹಿಡೀತೀಯ ಅಂತ ಗೊತ್ತಿರ್ಲಿಲ್ಲ ಕಣೋ" ಎಂದ. ಆಮೇಲೆ "ವ್ಯಾನ್ ಬೇಡ ಅಂತ ಹೇಳ್ಬಿಡು ಅವನಿಗೆ. ಬೆಳಿಗ್ಗೆ ಅಂಗಡಿಗೆ ಬಾ, ಮಧ್ಯಾಹ್ನ ಬೇಕಾದ್ರೆ ಗ್ಯಾರೇಜಿಗೆ ಹಾಳಾಗಿ ಹೋಗು. ಭಾನುವಾರ ಊರೆಲ್ಲ ಮಾತಾಡೋ ಆ ಕೆರೆ ತಿರುವು ತೋರ್ಸು ನಂಗೆ, ಅಮ್ಮನ್ನೂ ಕರ್ಕೊಂಡು ಹೋಗೋಣ" ಎಂದ. ತೆವಳಿಕೊಂಡು ಹೊರಗೆ ಹೋಗುವಾಗ ಬೆನ್ನು ತೋರಿಸಿಕೊಂಡೇ ಇನ್ನೊಂದು ಮಾತು: "ಅವಳಿಗೆ ಬರೆದ್ರೆ, ನಾನು ಕೇಳ್ದೆ ಅಂತ ಬರಿ."

ಕೇಳಿದ್ದಾನೆ, ಬರೆದಿದ್ದೇನೆ. ಇವತ್ತು ಇಡೀ ಬೀದಿಯಲ್ಲಿ ನನ್ನದೇ ಗುಣಗಾನ. ಅಕ್ಕನ ಕಾರಿಗಾಗಿ ಅಪ್ಪನನ್ನೇ ಎದುರುಹಾಕಿಕೊಂಡ ತಮ್ಮ ಎಂದು ಅಮ್ಮ ಬಡಗಿಯ ಹೆಂಡತಿಗೆ ಹೇಳಿ, ಅವಳು ಉಳಿದವರಿಗೆಲ್ಲ ಹೇಳಿ, ಸೈಲೆನ್ಸರ್ ಬಂದು ಬೆನ್ನು ತಟ್ಟಿ ಹೋಗಿದ್ದಾನೆ. ಹಾಗಾದರೆ ಗೆದ್ದ ಮೇಲೂ ಯಾಕೋ ಓಣಿಯ ತಳದಲ್ಲಿ ಕೂತಿದ್ದೀಯ, ಕಾರು ಹೊರಗೆ ತಾರೋ ಎಂದು ಅಪ್ಪ ಬೆಳಿಗ್ಗೆಯೇ ಕೇಳಿದ. "ಕೋಟೆಯ ದ್ವಾರ ಭಾನುವಾರಕ್ಕೆ ಮುಂಚೆ ತೆರೆಯುವುದಿಲ್ಲ" ಎಂದು ಗಂಭೀರವಾಗಿ ಉತ್ತರಿಸಿದೆ. ನಕ್ಕು ಹೋದ.

ಹೊಟ್ಟೆ ತುಂಬ ಊಟ ಮಾಡು. ಸುಟ್ಟಗಾಯಕ್ಕೆ ಗ್ರೀಸ್ ತಾಗಿಸಬೇಡ. ಅಮ್ಮನ ಆಶೀರ್ವಾದ ಇದರ ಜೊತೆಗಿದೆ. ಅಪ್ಪನದು ಅವನು ಬಾಯಿಬಿಟ್ಟು ಹೇಳಿಲ್ಲ, ಆದರೂ ಇದೆ. ಹತ್ತಿ ತರುವ ಲಾರಿಯವನು ನಿನ್ನ ಬಂದರಿನ ಕಡೆಗೇ ಹೊರಟಿದ್ದಾನೆ, ಅವನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ನಾಳೆ ಸಂಜೆಗೆ ನಿನ್ನ ಕೈ ಸೇರಬೇಕು.

ಅಜೇಯನೂ ಅಚಲನೂ ಆದ,
ನಿನ್ನ ತಮ್ಮ

ಮರೆತಿದ್ದೆ: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ, ಓದಿ ಹರಿದುಹಾಕು. ಹಠವೂ ಇಲ್ಲ, ಬಂಡಾಯವೂ ಇಲ್ಲ. ಸೋಮವಾರ ಓಣಿಯ ಆ ತುದಿಯಿಂದ ಹಿಂದಿನ ಬೀದಿಗೆ ಹಾರಿಹೋಗೋಣವೆಂದು ಇಳಿದೆ; ಬಡಗಿ ಗೋಡೆ ಕಟ್ಟಿಸಿದ್ದು ನನಗೇನು ಗೊತ್ತು? ಗೋಡೆ ಕಂಡ ತಕ್ಷಣ ಧೈರ್ಯವೆಲ್ಲ ಇಳಿದು, ವಾಪಸು ಹೋಗಿ ಬೀಗದ ಕೈ ಕೊಟ್ಟುಬಿಡಲು ತಯಾರಾಗಿದ್ದೆ, ದೇವರಾಣೆ. ಆಗಲಿಲ್ಲ. ನೀನು ಹೋದಾಗಿನಿಂದ ಎಲ್ಲಿ ನಿಲ್ಲಿಸಿದರೂ ಮುಂದಕ್ಕೇ ಹೊರಡುವ ಹಾಗೆ ನಿಲ್ಲಿಸಿ ಹೇಗೋ ಕಾಲ ತಳ್ಳಿದ್ದೆ. ನಾನು ಓಡಿಸಲು ಕಲಿತ ಕಾರಿನಲ್ಲಿ ಅದು ಇದ್ದ ಜಾಗದಲ್ಲಿ ಇದರಲ್ಲಿ ಇಲ್ಲ. ಗೇರಿನ ಗುಂಡಿನ ಮೇಲಿದ್ದ ನಕ್ಷೆ ನಿನ್ನ ಅಂಗೈ ಉಜ್ಜಿ ಅಳಿಸಿಹೋಗಿದೆ. ಕೈಪಿಡಿ ನೋಡೋಣವೆಂದರೆ ಯಾವ ದೇಶದ ಲಿಪಿಯೋ. ಗೇರಿನ ಕತ್ತಿನಲ್ಲೊಂದು ಉಂಗುರ ಇದೆ, ಅಲಂಕಾರಕ್ಕಿರಬೇಕು ಎಂದು ಅದನ್ನು ಮುಟ್ಟಿಲ್ಲ. ಸೈಲೆನ್ಸರನನ್ನು ಕೇಳಿದರೆ ಊರಿಗೆಲ್ಲ ಹರಡುತ್ತದೆ. ಶನಿವಾರದೊಳಗೆ ಯಾರ ಕೈಯಲ್ಲಾದರೂ ತಂತಿ ಕಳಿಸು, ಅಪ್ಪನಿಗೆ ಅರ್ಥವಾಗದ ಹಾಗೆ. ಅಕ್ಕಾ, ಇದರಲ್ಲಿ ರಿವರ್ಸ್ ಗೇರ್ ಹಾಕೋದು ಹೇಗೆ?