ಹೊಸ ಅಕ್ಕಿ ಊಟಕ್ಕೆ ಮೊದಲು

ಕಾಪು, ನವರಾತ್ರಿ, 1978

ವಿನೋದಕ್ಕಾ,

ನೀನು ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಕೊಯ್ಲಾದ ಮೇಲಿನ ಹೊಸ ಅಕ್ಕಿ ಊಟ ಇರಲಿಲ್ಲ. ಈ ಸಲ ಮಾಡುವ ಎಂದು ಮುದ್ದಣ್ಣ ಮಾವ ಹೇಳಿದರು. ಏನೇನು ಅಡುಗೆ ಎಂದು ನಿಶ್ಚಯಿಸಲು ಇವತ್ತು ಎಲ್ಲರೂ ಚಾವಡಿಯಲ್ಲಿ ಕೂತಿದ್ದೆವು. ನಿನ್ನ ಯಜಮಾನರು, ಭೋಜ ಭಾವ, ಕಾರ್ಕಳದಿಂದ ನಿನ್ನ ಮಗುವನ್ನು ಕರೆದುಕೊಂಡು ಬಂದಿದ್ದರು. ಮಗು ಅಮ್ಮನ ಮಡಿಲಲ್ಲಿ ನಿದ್ದೆ ಹೋಗಿತ್ತು.

ಹರಿವೆ ದಂಟಿನ ಸಾಂಬಾರು, ಪತ್ರೊಡೆ, ಪಾಯಸ ಎಂದು ನಾನು ಹೇಳುತ್ತಿರುವಾಗ ಮಾವ ನಡುವೆ ಬಾಯಿ ಹಾಕಿದರು.

“ಭೋಜನಿಗೆ ಸುಗಂಧಿಯೇ ಬಡಿಸಲಿ. ದೀಪಾವಳಿ ಕಳೆದ ಮೇಲೆ ಧಾರೆ ಎರೆದು ಕೊಡುವ. ಮಗುವಿಗೂ ತಾಯಿ ಬೇಕಲ್ವಾ? ಎಂತ ಹೇಳ್ತಿ ಸುಗಂಧಿ?”

“ಬೆಂಡೆಕಾಯಿ ಎಷ್ಟು ತರಿಸಬೇಕು ಮಾವ?” ಎಂದೆ.

ಮಾವ ನಕ್ಕರು. ನಾನು ಒಪ್ಪಿದೆ ಎಂದುಕೊಂಡರು. ಅಮ್ಮ ಕಣ್ಣೊರೆಸಿಕೊಂಡಳು.

ಸಂಜೆ ಭಾವ ಅಡುಗೆಮನೆಯ ಬಾಗಿಲಿಗೆ ಬಂದರು.

“ನಿನಗೆ ಮನಸ್ಸಿಲ್ಲದಿದ್ದರೆ ಈಗಲೇ ಹೇಳು ಸುಗಂಧಿ. ಮಾವನ ಹತ್ತಿರ ನಾನು ಮಾತಾಡ್ತೇನೆ.”

“ಪತ್ರೊಡೆಗೆ ಕೆಸುವಿನ ಎಲೆ ನಿಮ್ಮಲ್ಲಿಂದಲೇ ತನ್ನಿ ಭಾವ. ಇಲ್ಲಿಯದ್ದು ತುರಿಸ್ತದೆ.”

ಅವರು “ತರ್ತೇನೆ” ಎಂದು ಹೋದರು. ನನಗೆ ಅಳು ಬರಲಿಲ್ಲ. ತೆಂಗಿನಕಾಯಿ ತುರಿಯುತ್ತಾ ಕೂತೆ.

ನಾಡಿದ್ದು ಎಲೆಯ ಮುಂದೆ ಕೂತು, ತುತ್ತು ಎತ್ತುವ ಮೊದಲು, ಹಿರಿಯರನ್ನೆಲ್ಲ “ಹೊಸತು ಉಣ್ಣಲಾ?” ಎಂದು ಕೇಳಬೇಕು. ಪ್ರತಿ ವರ್ಷ ನಾನು ಮೊದಲು ಕೇಳುತ್ತಿದ್ದದ್ದು ನಿನ್ನನ್ನು.

ನಿನ್ನ ತಂಗಿ,
ಸುಗಂಧಿ