ಕವುಚಿ ನೋಡದ ಎಡಗೈ

ಕಾರ್ಮಿಕರ ವೈದ್ಯಕೀಯ ಮಂಡಳಿಯ ಅಧ್ಯಕ್ಷರಿಗೆ
ದಾವಣಗೆರೆ, ೧೪ ಜೂನ್ ೧೯೬೨

ಮಾನ್ಯರೇ, ಜೋತುಬಿದ್ದ ಕೈಯನ್ನು ಎರಡೇ ನಿಮಿಷದಲ್ಲಿ ವಾಸಿ ಮಾಡಿದ ತಮಗೆ ನಮಸ್ಕಾರ! ನನ್ನ ಎಡಗೈ ಮಣಿಕಟ್ಟಿನಿಂದ ಮೇಲೇಳುವುದಿಲ್ಲ. ತಾವು ಅದಕ್ಕೆ "ನ್ಯೂನತೆ ಇಲ್ಲ, ಮಗ್ಗದ ಕೆಲಸಕ್ಕೆ ಅರ್ಹ" ಎಂದು ಬರೆದು ರುಜು ಹಾಕಿದ್ದೀರಿ. ಆ ಕಾಗದ ಹಿಡಿದುಕೊಂಡು ಮಿಲ್ಲಿನವರು, ಬರುವ ಸೋಮವಾರ ಮಗ್ಗಕ್ಕೆ ನಿಲ್ಲದಿದ್ದರೆ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕುತ್ತೇವೆ ಎನ್ನುತ್ತಿದ್ದಾರೆ. ಹದಿನಾಲ್ಕು ವರ್ಷ ನೇಯ್ದವನಿಗೆ ಈಗ ಸೋಗು ಹಾಕುವವನೆಂಬ ಬಿರುದು.

ಫೆಬ್ರವರಿಯಲ್ಲಿ ಮಗ್ಗದ ಬೆಲ್ಟು ಅಂಗಿಯ ತೋಳನ್ನು ಸೆಳೆದು ನನ್ನ ಎಡ ಮೇಲ್ತೋಳಿನ ಮೂಳೆ ಮುರಿಯಿತು. ಮೂಳೆ ಕೂಡಿತು, ಕೈ ಮಾತ್ರ ಏಳಲಿಲ್ಲ. ಹರಿಹರದ ಡಾಕ್ಟರೊಬ್ಬರು ಅರ್ಧ ಗಂಟೆ ಕೂತು ನೋಡಿದರು. "ತೋಳಿನ ಮೂಳೆ ಹಿಂದ ಸುತ್ತಿಕೊಂಡು ಒಂದು ನರ ಬರ್ತೈತ್ರಿ. ಮಣಿಕಟ್ಟು ಎತ್ತೋದು, ಬೆರಳು ಬಿಚ್ಚೋದು ಅದರ ಕೆಲಸ. ಮಡಿಚೋ ನರ ಬೇರೆ, ಅವು ಚೆನ್ನಾಗವೆ. ಜಜ್ಜಿದ ನರ ತಿಂಗಳಿಗೆ ಒಂದಂಗುಲ ಬೆಳೆದ್ರೆ ಪುಣ್ಯ. ಕೈಗೆ ಪಟ್ಟಿ ಕಟ್ಟಿಕೊಂಡು ಕಾಯ್ರಿ, ಮಗ್ಗದ ಹತ್ರ ಮಾತ್ರ ಹೋಗಬ್ಯಾಡ್ರಿ" ಎಂದರು.

ತಮ್ಮ ಮುಂದೆ ಬಂದಾಗ ಆದದ್ದೇನು? ಪಟ್ಟಿ ಬಿಚ್ಚಿಸಿ "ಎಡಗೈ ಚಾಚಪ್ಪ" ಎಂದಿರಿ. ಮೂವತ್ತು ವರ್ಷದಿಂದ ದಿನಾ ಬೆಳಗ್ಗೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮಾಡುವವನು ನಾನು. ಎಡಗೈ ಚಾಚು ಎಂದರೆ ನನಗೆ ಗೊತ್ತಿರುವುದು ಅದೊಂದೇ ರೀತಿ. ಅಂಗೈ ಮೇಲೆ ಮಾಡಿ ಎದೆಯ ಮಟ್ಟಕ್ಕೆ ಹಿಡಿದೆ. ಕೈ ನೆಟ್ಟಗೆ ನಿಂತುಬಿಟ್ಟಿತು! "ಸ್ವಾಮಿ, ಕೈ ಬೀಳ್ತೈತ್ರಿ" ಎಂದೆ. "ಎಲ್ಲಿ ಬಿದ್ದಿದೆ?" ಎಂದು ನಕ್ಕಿರಿ. ನನಗೇ ಮಂಕು ಕವಿಯಿತು. ಆಮೇಲೆ ಮಣಿಕಟ್ಟನ್ನು ಕೆಳಗಿನಿಂದ ಆನಿಸಿ ಹಿಡಿದು, ತಮ್ಮ ಬೆರಳನ್ನು ಹಿಸುಕು ಎಂದಿರಿ. ಹಿಸುಕಿದೆ. ಅಲ್ಲಿಗೆ ಪರೀಕ್ಷೆ ಮುಗಿಯಿತು.

ಮನೆಗೆ ಬಂದು ಹೆಂಡತಿ ದ್ರಾಕ್ಷಾಯಣಮ್ಮನಿಗೆ ಎಲ್ಲ ಹೇಳಿದೆ.

"ಅವರ ಮುಂದ ಹೆಂಗೆ ಚಾಚಿದ್ರಿ, ತೋರಿಸ್ರಿ" ಎಂದಳು. ತೋರಿಸಿದೆ.

"ಅಯ್ಯೋ ಶಿವನೇ, ಪೂಜೆಗೆ ಹಿಡಿದಂಗೆ ಹಿಡಿದ್ರೆ ಅವರಿಗೇನು ಕಾಣ್ತೈತ್ರಿ? ಕವುಚ್ರಿ!"

ಕವುಚಿದೆ. ಕೈ ದೊಪ್ಪನೆ ಜೋತುಬಿತ್ತು. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನನಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಅಂಗೈ ಮೇಲಿದ್ದಾಗ ಕೈಯನ್ನು ಹಿಡಿದು ನಿಲ್ಲಿಸಿದ್ದೂ, ತಮ್ಮ ಬೆರಳನ್ನು ಹಿಸುಕಿದ್ದೂ ಹರಿಹರದ ಡಾಕ್ಟರು ಹೇಳಿದ ಆ ಮಡಿಚುವ ನರಗಳೇ. ತಪ್ಪು ನನ್ನದೂ ಹೌದು. ಆದರೆ ನಾನು ನೇಕಾರ, ನರದ ವಿಷಯ ಓದಿದವನಲ್ಲ. ಓದಿದವರು ತಾವು. ಪೇಟೆಯಲ್ಲಿ ಒಂದು ಗಜ ಬಟ್ಟೆ ಕೊಳ್ಳುವವರೂ ಎರಡು ಮಗ್ಗುಲು ತಿರುವಿ ನೋಡುತ್ತಾರಲ್ಲ, ಮನುಷ್ಯನ ಕೈಗೆ ಅಷ್ಟೂ ಬೆಲೆ ಇಲ್ಲವೇ? ಎಳೆ ಕಡಿದಾಗ ಅಂಗೈ ಮೇಲೆ ಮಾಡಿಕೊಂಡು ಗಂಟು ಹಾಕುವ ನೇಕಾರನನ್ನು ತಾವು ಎಲ್ಲಿಯಾದರೂ ಕಂಡಿದ್ದೀರಾ? ಬಿಚ್ಚದ ಬೆರಳು ಲಾಳಿಯ ದಾರಿಗೆ ಬಿದ್ದರೆ ಗತಿಯೇನು? ಕೈ ತುಂಡಾಗಿ ಬಂದ ಮೇಲೆಯೇ ತಾವು ನಂಬುವುದೇ?

ಸೋಮವಾರ ಹತ್ತು ಗಂಟೆಗೆ ನಾನು ಮಗ್ಗಕ್ಕೆ ಹೋಗುವುದಿಲ್ಲ, ತಮ್ಮ ಕಚೇರಿಗೆ ಬರುತ್ತೇನೆ. ಬಾಗಿಲು ತೆರೆದಿರಲಿ, ಮಿಲ್ಲಿನವರೂ ಇರಲಿ. ಎಲ್ಲರ ಮುಂದೆ ಕೈ ಕವುಚಿ ಚಾಚುತ್ತೇನೆ, ಯಾರೂ ಅದನ್ನು ಆನಿಸಿ ಹಿಡಿಯಕೂಡದು. ನರ ಚಿಗುರುವವರೆಗೆ ನನಗೆ ಬೇರೆ ಕೆಲಸ ಕೊಡಿಸಬೇಕು, ಇಷ್ಟೇ ನನ್ನ ಬೇಡಿಕೆ. ಕವುಚಿದ ಕೈ ನೆಟ್ಟಗೆ ನಿಂತರೆ ನನ್ನ ಹೆಸರನ್ನು ನಾನೇ ಹೊಡೆದುಹಾಕುತ್ತೇನೆ. ಬಿದ್ದರೆ, ತಮ್ಮ ರುಜುವನ್ನು ಅವರೆಲ್ಲರ ಎದುರಿಗೆ ತಾವೇ ಹೊಡೆದುಹಾಕಬೇಕು.

ಇಂತಿ,
ತಮ್ಮ ಕಾಗದದಲ್ಲಿ ಮಾತ್ರ ಎರಡು ಕೈಯುಳ್ಳ
ಶಿವಯೋಗಪ್ಪ, ನೇಕಾರ